ಆ್ಯಕ್ಟರ್ ಆಗ್ಬೇಕಾ? ಮೊದಲು ಅಗರದ ಸಂಸರನ್ನು ಓದಿ

ನಮ್ಮೂರು ಶಾಗ್ಯದ ಹುಡುಗನೊಬ್ಬ ಮೆಸೇಜ್ ಮಾಡಿದ್ದ: "ಅಣ್ಣ, ಆ್ಯಕ್ಟಿಂಗ್ ಕಲೀಬೇಕು, ಯಾವ್ ನಾಟಕ ಓದ್ಲಿ?"

ನನ್ನ ಮೊದಲ ಆಡಿಷನ್‌ನಲ್ಲೂ ಇದನ್ನೇ ಕೇಳಿದ್ರು, ಯಾವ ನಾಟಕ ಓದಿದ್ದೀಯ ಅಂತ. ನಾನು ಸಿನಿಮಾ ಡೈಲಾಗ್ ಹೊಡೆದೆ. "ಸಂಸ ನಿಮ್ಮ ಕಡೆಯವರೇ ಅಲ್ವೇನಪ್ಪ?" ಅಂದ್ರು. ಹಿಂದಿನ ಸಂಜೆಯಷ್ಟೇ ರವೀಂದ್ರ ಕಲಾಕ್ಷೇತ್ರದ ಹಿಂದಿರೋ ಸಂಸ ಬಯಲು ರಂಗಮಂದಿರದಲ್ಲಿ ಕೂತು ಕಡ್ಲೆಕಾಯಿ ತಿಂದಿದ್ದೆ. ಅದು ಒಬ್ಬ ಮನುಷ್ಯನ ಹೆಸರು ಅಂತ ಹೊಳೆದೇ ಇರಲಿಲ್ಲ!

ಸಂಸ ಅನ್ನೋದು ಕಾವ್ಯನಾಮ. ಹೆಸರು ಸಾಮಿ ವೆಂಕಟಾದ್ರಿ ಅಯ್ಯರ್. ಹುಟ್ಟಿದ್ದು 1898ರಲ್ಲಿ, ಯಳಂದೂರು ತಾಲ್ಲೂಕಿನ ಅಗರದಲ್ಲಿ. ನಾವು ಕೊಳ್ಳೇಗಾಲಕ್ಕೆ ಹೋಗಿ ಇನ್ನೊಂದು ಬಸ್ ಹತ್ತಿದರೆ ಸಿಗೋ ಊರು. ಮೈಸೂರು ಅರಸರ ಚರಿತ್ರೆಯನ್ನೇ ಹಿಡಿದು 23 ನಾಟಕ ಬರೆದರು ಅಂತಾರೆ. ಉಳಿದಿರೋದು ಆರೇ. ಪೊಲೀಸರು ಹಿಂದೆ ಬಿದ್ದಿದ್ದಾರೆ ಅನ್ನೋ ಭಯ ಅವರನ್ನು ಬಿಡಲೇ ಇಲ್ಲ. 1939ರಲ್ಲಿ ಮೈಸೂರಿನಲ್ಲಿ ತಮ್ಮ ಜೀವ ತಾವೇ ಕಳ್ಕೊಂಡರು.

ಆ ಆರರಲ್ಲಿ 'ವಿಗಡ ವಿಕ್ರಮರಾಯ' ಮೊದಲು ಓದಿ. 1638ರ ಸುಮಾರಿನ ಶ್ರೀರಂಗಪಟ್ಟಣ. ದಳವಾಯಿ ವಿಕ್ರಮರಾಯ ಇಮ್ಮಡಿ ರಾಜ ಒಡೆಯರಿಗೆ ವಿಷ ಹಾಕಿಸಿದ ಅನ್ನೋದು ಚರಿತ್ರೆಯ ಮಾತು. ಆಮೇಲೆ ಪಟ್ಟಕ್ಕೆ ಬಂದವರು ರಣಧೀರ ಕಂಠೀರವ. ದಳವಾಯಿಯ ಕಥೆ ಮುಗಿಸಿದವರೂ ಅವರೇ. ಕಥೆ ಇಷ್ಟೇ. ಕಷ್ಟ ಇರೋದು ಭಾಷೆಯಲ್ಲಿ. ಹಳಗನ್ನಡದ ಬಿಗಿಯಿರೋ ಅರಮನೆ ಕನ್ನಡ ಅದು. ಮನಸ್ಸಲ್ಲೇ ಓದಿದ್ರೆ ಎರಡನೇ ಪುಟಕ್ಕೆ ನಿದ್ದೆ ಬರುತ್ತೆ, ನನಗೂ ಬಂದಿತ್ತು. ಗಟ್ಟಿಯಾಗಿ ಓದಿ ನೋಡಿ. ಎಲ್ಲಿ ಉಸಿರು ತಗೋಬೇಕು, ಯಾವ ಮಾತಿನ ಹಿಂದೆ ಸಂಚು ಅಡಗಿದೆ, ಎಲ್ಲಾ ಬಾಯಿಗೇ ಗೊತ್ತಾಗುತ್ತೆ. ಮೂವತ್ತು ಸೆಕೆಂಡ್ ರೀಲ್ಸಲ್ಲಿ ಈ ಅಭ್ಯಾಸ ಆಗಲ್ಲ ಕಣ್ರೋ.

ಆಮೇಲೆ ಕೈಲಾಸಂ ಅವರ 'ಟೊಳ್ಳುಗಟ್ಟಿ'. ಅಲ್ಲಿ ಮನೆಮಾತಿಗೆ ಇಂಗ್ಲಿಷ್ ಬೆರೆತಿರೋ ಕನ್ನಡ, ನಮ್ಮದೇ ಥರ. ಕಾರ್ನಾಡರ 'ತುಘಲಕ್' (1964) ಎಲ್ಲರೂ ಹೇಳ್ತಾರೆ, ನಾನೂ ಹೇಳ್ತೀನಿ. ಆದರೆ ನಮ್ಮ ಕಡೆ ಹುಡುಗರು ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ'ವನ್ನು ಬಿಡಬಾರದು. ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರ ತಂಬೂರಿ ಕೇಳಿ ಬೆಳೆದ ಕಿವಿಗೆ ಅದರ ಲಯ ಸಲೀಸಾಗಿ ಸಿಗುತ್ತೆ. ಬೇರೆಯವರು ಇದಕ್ಕೆ ವರ್ಕ್‌ಶಾಪ್ ಮಾಡ್ಬೇಕು.

ಇಷ್ಟೂ ಹೇಳಿದ ಮೇಲೆ ಆ ಹುಡುಗ ಕೇಳಿದ್ದು: "ಪಿಡಿಎಫ್ ಇದ್ಯಾ ಅಣ್ಣ?"

ನನ್ನ 'ವಿಕ್ರಮರಾಯ'ವನ್ನೇ ಊರಿಗೆ ಹೋಗೋರ ಕೈಲಿ ಕಳಿಸಿದ್ದೀನಿ. ಮೊದಲ ಅಂಕ ಓದಿ ವಾಯ್ಸ್ ನೋಟ್ ಹಾಕು ಅಂದಿದ್ದೀನಿ. ಇನ್ನೂ ಬಂದಿಲ್ಲ.