ವ್ಯಾಪಾರ ಕುದುರುವ ಬಗೆ

ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಎರಡು ರೂಪಾಯಿ ಬಿಡಿಸಿಕೊಳ್ಳಲು ಹತ್ತು ನಿಮಿಷ ವಾದಿಸುವ ಗೃಹಸ್ಥ ಅಂಗಡಿಯಲ್ಲಿ ಸಾಬೂನು ಕೊಳ್ಳುವಾಗ ತುಟಿ ಪಿಟಕ್ಕೆನ್ನುವುದಿಲ್ಲ. ಪೊಟ್ಟಣದ ಮೇಲೆ ಅಚ್ಚಾದ ಬೆಲೆಯನ್ನು ತೆತ್ತು ಮನೆಗೆ ಬರುತ್ತಾನೆ. ಔಷಧ, ಪುಸ್ತಕ, ರೈಲಿನ ಟಿಕೆಟ್ಟು ಎಲ್ಲಕ್ಕೂ ಇದೇ ನಿಯಮ. ಆದರೆ ಅದೇ ಗೃಹಸ್ಥ ನಲವತ್ತು ಲಕ್ಷ ರೂಪಾಯಿಯ ಎಸ್‌ಯುವಿ ಕೊಳ್ಳಲು ಹೊರಟನೆಂದರೆ ಮರಳಿ ಸಂತೆಯ ಮನುಷ್ಯನಾಗಿಬಿಡುತ್ತಾನೆ. ಎಷ್ಟು ಬಿಡುತ್ತೀರಿ, ಏನು ಸೇರಿಸಿ ಕೊಡುತ್ತೀರಿ, ಪಕ್ಕದ ಊರಿನ ಷೋರೂಮಿನವರು ಇಷ್ಟಕ್ಕೇ ಕೊಡುತ್ತಾರಂತಲ್ಲ ಎಂದು ಶುರುಮಾಡುತ್ತಾನೆ. ತೀರ ಅಗ್ಗದ ವಸ್ತುವಿಗೂ ತೀರ ದುಬಾರಿಯ ವಸ್ತುವಿಗೂ ಚೌಕಾಸಿ ಉಳಿದು, ನಡುವಿನವಕ್ಕೆಲ್ಲ ಅಳಿದುಹೋದದ್ದು ಹೇಗೆ? ಅರ್ಥಶಾಸ್ತ್ರಜ್ಞರ ಬಳಿ ಇದಕ್ಕೆ ಸೂತ್ರವಿದ್ದೀತು. ಕನ್ನಡ ಪಾಠ ಹೇಳುವ ನನಗೆ ಉತ್ತರ ಸಿಕ್ಕಿದ್ದು ಕುದುರೆಯ ಲಾಯದಲ್ಲಿ.

ಮಾತು ಮುಗಿದು ಬೆಲೆ ನಿಂತಾಗ ನಾವು ‘ವ್ಯಾಪಾರ ಕುದುರಿತು’ ಎನ್ನುತ್ತೇವೆ. ‘ಕುದುರು’ ಎಂಬ ಕ್ರಿಯಾಪದಕ್ಕೂ ಕುದುರೆಗೂ ನಂಟು ಕಟ್ಟುವ ಸಾಹಸ ನನ್ನದಲ್ಲ. ಅಂಥ ವ್ಯುತ್ಪತ್ತಿಯನ್ನು ಉತ್ತರಪತ್ರಿಕೆಯಲ್ಲಿ ಕಂಡರೆ ಕೆಂಪು ಶಾಯಿಯಲ್ಲಿ ಗೀಟು ಹಾಕುವವನು ನಾನು. ಆದರೆ ಶಬ್ದದಲ್ಲಿ ಇಲ್ಲದ ನಂಟು ಚರಿತ್ರೆಯಲ್ಲಿ ಧಾರಾಳವಾಗಿ ಇದೆ. ಶ್ರೀಮಂತನ ಸವಾರಿಯ ಗಾಡಿ ಇಂದು ಏನೋ ಅಂದು ಅರಬ್ಬೀ ಕುದುರೆ ಅದೇ ಆಗಿತ್ತು: ದೂರದಿಂದ ಬಂದದ್ದು, ದುಬಾರಿಯಾದದ್ದು, ಏರಿದವನ ಅಂತಸ್ತನ್ನು ಊರಿಗೆಲ್ಲ ಸಾರುವಂಥದು. ಅದರ ವ್ಯಾಪಾರದ ಲೆಕ್ಕ ನಮ್ಮ ತುಂಗಭದ್ರೆಯ ದಂಡೆಯಲ್ಲೇ ಬೇಕಾದಷ್ಟು ಸಿಗುತ್ತದೆ.

ಹದಿನಾರನೆಯ ಶತಮಾನದ ಆರಂಭದಲ್ಲಿ ವಿಜಯನಗರಕ್ಕೆ ಬಂದಿದ್ದ ಇಟಲಿಯ ಪ್ರವಾಸಿ ವರ್ತೆಮಾ, ಅಲ್ಲಿ ಒಂದು ಕುದುರೆಗೆ ಮುನ್ನೂರರಿಂದ ಐನೂರು ಪರ್ದಾವ್ ಬೀಳುತ್ತದೆ, ಕೆಲವಕ್ಕೆ ಎಂಟುನೂರೂ ಕೊಡುತ್ತಾರೆ ಎಂದು ಬರೆದಿದ್ದಾನೆ. ಪರ್ದಾವ್ ಎಂದರೆ ನಮ್ಮ ವರಾಹಕ್ಕೆ ಪರದೇಶದವರು ಇಟ್ಟ ಹೆಸರು. ಅಷ್ಟು ಬೆಲೆ ಏಕೆಂಬುದನ್ನೂ ಆತನೇ ಹೇಳುತ್ತಾನೆ. ಈ ನಾಡಿನಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ. ಹೆಣ್ಣು ಕುದುರೆಗಳನ್ನು ಒಳಕ್ಕೆ ತರಲು ರೇವುಗಳ ಒಡೆಯರಾದ ಅರಸರು ಬಿಡುವುದಿಲ್ಲ. ತಳಿ ಬೆಳೆದರೆ ವ್ಯಾಪಾರ ಕೆಡುತ್ತದೆಂಬುದು ಮಾರುವವರಿಗೆ ಆಗಲೇ ಚೆನ್ನಾಗಿ ತಿಳಿದಿತ್ತು.

ಇನ್ನೂ ಸ್ವಾರಸ್ಯವಾದ ಮಾತು ಪೋರ್ಚುಗೀಸನಾದ ನೂನಿಜನ ಬರಹದಲ್ಲಿದೆ. ಆತ 1530ರ ದಶಕದಲ್ಲಿ ವಿಜಯನಗರದಲ್ಲಿದ್ದವನು. ಸ್ವತಃ ಕುದುರೆ ವ್ಯಾಪಾರಿಯೆಂದು ವಿದ್ವಾಂಸರು ನಂಬುತ್ತಾರೆ. ಬೇರೆ ವಿಷಯದಲ್ಲಿ ಹೇಗೋ, ಕುದುರೆಯ ಬೆಲೆಯ ವಿಷಯದಲ್ಲಿ ಅವನ ಮಾತಿಗೆ ತೂಕ ಕೊಡಬೇಕು. ಅವನ ಪ್ರಕಾರ ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್‌ಗಳಿಂದ ಬರುತ್ತಿದ್ದ ಕುದುರೆಗಳಿಗೆ ವರ್ತಕರು ಕೇಳಿದಷ್ಟು ಕೊಡುತ್ತಿದ್ದನು. ಸಾವಿರ ಪರ್ದಾವಿಗೆ ಮೂರು, ಅದೂ ಸತ್ತಿರಲಿ ಬದುಕಿರಲಿ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಬದುಕಿದ ಕುದುರೆಯ ಹಣವೇ ಸಿಗುತ್ತಿತ್ತಂತೆ.

ಬಾಲಕ್ಕೆ ಹಣ ಕೊಟ್ಟ ಅರಸನನ್ನು ಕಂಡು ನಗುವವರು ನಗಬಹುದು. ನನಗೆ ಇದು ಪೆದ್ದುತನವೆಂದು ಕಾಣುವುದಿಲ್ಲ. ಬಹಮನಿ ಸುಲ್ತಾನರಿಗೆ ಎದುರಾಗಿ ನಿಂತವನಿಗೆ ಕುದುರೆ ಅಲಂಕಾರವಲ್ಲ, ಉಸಿರು. ಸಮುದ್ರದ ಗಂಡಾಂತರಕ್ಕೆ ಹೆದರಿ ವರ್ತಕ ಬರದೆ ಹೋದರೆ, ಅಥವಾ ಬೇರೆ ರೇವಿನಲ್ಲಿ ಇಳಿಸಿದರೆ, ಉಳಿತಾಯವಾದ ವರಾಹಗಳನ್ನು ಕಟ್ಟಿಕೊಂಡು ಏನು ಮಾಡುವುದು? ವರ್ತಕನ ನಷ್ಟದ ಭಯವನ್ನು ತನ್ನ ಬೊಕ್ಕಸಕ್ಕೆ ವರ್ಗಾಯಿಸಿಕೊಂಡನು. ಇಂದಿನ ಮಾತಿನಲ್ಲಿ ಹೇಳುವುದಾದರೆ ವಿಮೆಯ ಕಂತನ್ನು ಬೆಲೆಯಲ್ಲೇ ಸೇರಿಸಿ ಕೊಟ್ಟನು. ಕೃಷ್ಣದೇವರಾಯ ತನ್ನ ‘ಆಮುಕ್ತಮಾಲ್ಯದ’ದ ರಾಜನೀತಿಯ ಭಾಗದಲ್ಲಿ ಹೇಳುವುದೂ ಇದನ್ನೇ. ಆನೆ ಕುದುರೆಗಳನ್ನು ತರುವ ಪರದೇಶದ ವರ್ತಕರಿಗೆ ಮನ್ನಣೆ ಕೊಟ್ಟು, ಲಾಭ ದಕ್ಕುವಂತೆ ಮಾಡು, ಆ ಸರಕು ಹಗೆಯ ಕೈಸೇರದಂತೆ ನೋಡಿಕೋ ಎಂಬುದು ಅಲ್ಲಿಯ ಸಾರ. 1547ರಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದವಂತೂ ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕಲ್ಲದೆ ಬೇರೆಯವರಿಗೆ ಹೋಗಬಾರದೆಂದೇ ವಿಧಿಸಿತು.

ಇದೇ ನೂನಿಜ ಇನ್ನೊಂದು ಸಂಗತಿ ಬರೆದಿದ್ದಾನೆ, ಅದರ ಮೇಲೆ ಯಾರ ಕಣ್ಣೂ ಅಷ್ಟಾಗಿ ಬಿದ್ದಿಲ್ಲ. ಅವನ ಕಾಲದ ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದನಂತೆ. ಒಳ್ಳೆಯವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು, ದೇಶೀ ತಳಿಯವನ್ನು ಸಾವಿರ ಪರ್ದಾವಿಗೆ ಐದರಂತೆ ತನ್ನ ನಾಯಕರಿಗೆ ಮಾರುತ್ತಿದ್ದನು. ಸೆಪ್ಟೆಂಬರ್ ತಿಂಗಳೊಳಗೆ ಅವರು ಹಣ ಕಟ್ಟಬೇಕು. ಆ ಹಣದಿಂದ ಪೋರ್ಚುಗೀಸರ ಬಾಕಿ ತೀರುತ್ತಿತ್ತು. ಬೊಕ್ಕಸದಿಂದ ಕಾಸೂ ಹೊರಬೀಳುತ್ತಿರಲಿಲ್ಲ. ವರ್ತಕನ ಮುಂದೆ ಅಷ್ಟು ಉದಾರನಾದ ಪ್ರಭು ನಾಯಕನ ಮುಂದೆ ಎಷ್ಟು ಬಿಗಿ! ವರ್ತಕನಿಗೆ ಬೇರೆ ರೇವು ಇತ್ತು, ಬೇರೆ ಗಿರಾಕಿ ಇದ್ದ. ‘ಒಲ್ಲೆ’ ಎಂದು ಎದ್ದುಹೋಗುವ ಸ್ವಾತಂತ್ರ್ಯ ನಾಯಕನಿಗೆ ಎಲ್ಲಿಯದು? ಚೌಕಾಸಿಯನ್ನು ನಾಲಗೆಯ ಚಮತ್ಕಾರವೆಂದು ತಿಳಿದವರು ಈ ಎರಡು ಬೆಲೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಎದ್ದುಹೋಗುವ ಶಕ್ತಿಯ ಜೊತೆಗೆ ಇನ್ನೊಂದು ಬೇಕು, ತಿಳಿವಳಿಕೆ. ಪಕ್ಕದವನು ಎಷ್ಟಕ್ಕೆ ಕೊಂಡ ಎಂಬುದು ಗೊತ್ತಿಲ್ಲದವನು ಕತ್ತಲಲ್ಲಿ ಕೈಯಾಡಿಸಿದಂತೆ. ಕಲ್ಲಿಕೋಟೆಯ ದಲ್ಲಾಳಿಗಳು ಕೊಳ್ಳುವವರ, ಮಾರುವವರ ಕೈಯನ್ನು ಬಟ್ಟೆಯಿಂದ ಮುಚ್ಚಿ, ಬೆರಳು ಮುಟ್ಟಿಯೇ ಲಕ್ಷದವರೆಗೆ ಬೆಲೆ ಎಣಿಸುತ್ತಿದ್ದುದನ್ನು ವರ್ತೆಮಾ ಬೆರಗಿನಿಂದ ವರ್ಣಿಸಿದ್ದಾನೆ. ಅದನ್ನು ನೋಡಲು ನಾವು ಕಲ್ಲಿಕೋಟೆಗೆ ಹೋಗಬೇಕಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳ ನಡುವೆ ದಲ್ಲಾಳಿಗಳು ಹೆಗಲ ಮೇಲಿನ ಟವೆಲ್ಲನ್ನು ಕೈಗಳ ಮೇಲೆ ಹೊದಿಸಿ ಮಾಡುವುದೂ ಇದೇ. ಸುತ್ತ ಹತ್ತು ಜನ ನಿಂತಿದ್ದರೂ ಬೆಲೆ ಇಬ್ಬರಿಗಷ್ಟೇ ಗೊತ್ತು. ಆದ್ದರಿಂದಲೇ ಮುಂದಿನವನಿಗೆ ಬೇರೆ ಬೆಲೆ ಹೇಳಬಹುದು.

ಈ ಟವೆಲ್ಲನ್ನು ಕಿತ್ತೆಸೆಯಲು ಹೊರಟವರೂ ಇದ್ದರು. ಒಂದು ಬೆಲೆ ಹೇಳಿ ಇನ್ನೊಂದಕ್ಕೆ ಕೊಡುವುದು ಸುಳ್ಳಾಡಿದಂತೆ ಎಂದು ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದವರು ಒಂದೇ ಬೆಲೆಯ ವ್ರತ ಹಿಡಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಯಾರ್ಕಿನ ಸ್ಟೂವರ್ಟ್, ಫಿಲಡೆಲ್ಫಿಯದ ವನಮೇಕರ್ ಮುಂತಾದ ದೊಡ್ಡ ಅಂಗಡಿಗಾರರು ಅದನ್ನೇ ಲಾಭದ ದಾರಿ ಮಾಡಿಕೊಂಡರು. ನೂರಾರು ಗುಮಾಸ್ತರಿಗೆಲ್ಲ ಚೌಕಾಸಿ ಕಲಿಸುವುದಕ್ಕಿಂತ ಬೆಲೆಯ ಚೀಟಿ ಅಂಟಿಸುವುದು ಸುಲಭವಲ್ಲವೇ? ಬಟ್ಟೆ, ಪಾತ್ರೆ, ಕುರ್ಚಿ ಎಲ್ಲವೂ ಚೀಟಿಯ ಆಳ್ವಿಕೆಗೆ ಬಂದವು. ಕುದುರೆ ಮಾತ್ರ ಬರಲಿಲ್ಲ. ಒಂದು ಕುದುರೆಯಂತೆ ಇನ್ನೊಂದಿಲ್ಲ. ಹಲ್ಲು ನೋಡಬೇಕು, ಗೊರಸು ನೋಡಬೇಕು. ಮೇಲಾಗಿ ಕೊಳ್ಳುವವನು ತನ್ನ ಹಳೆಯ ಕುದುರೆಯನ್ನೂ ಹಿಡಿದುಕೊಂಡೇ ಬರುತ್ತಿದ್ದನು. ಅದನ್ನು ಕೊಟ್ಟು, ಮೇಲೆ ಇಷ್ಟು ಹಣ ಸೇರಿಸಿ, ಇದನ್ನು ಒಯ್ಯುವುದು ಅಮೆರಿಕದ ಹಳ್ಳಿಗಳ ವಾಡಿಕೆಯಾಗಿತ್ತು.

ಮೋಟಾರು ಬಂದಾಗ ಅದು ಅಂಗಡಿಯ ಸಂಪ್ರದಾಯಕ್ಕೆ ಸೇರಬೇಕಿತ್ತು. ಫೋರ್ಡನ ಮಾಡೆಲ್ ಟಿ ಗಾಡಿಗಳು ಒಂದರಂತೆ ಒಂದು. 1908ರಲ್ಲಿ 850 ಡಾಲರು ಇದ್ದದ್ದು 1920ರ ದಶಕದಲ್ಲಿ 300ಕ್ಕೂ ಕೆಳಗಿಳಿಯಿತು. ಆದರೆ ಆ ಹೊತ್ತಿಗೆ ಕೊಳ್ಳಬಲ್ಲವರಲ್ಲಿ ಅನೇಕರ ಬಳಿ ಆಗಲೇ ಒಂದೊಂದು ಹಳೆಯ ಕಾರು ಇತ್ತು. ಅದನ್ನು ಹಿಡಿದುಕೊಂಡೇ ಹೊಸದಕ್ಕೆ ಬಂದರು, ಹಿಂದೆ ಅವರ ತಂದೆ ಕುದುರೆ ಹಿಡಿದು ಬಂದಂತೆ. ಹೊಸದರ ಬೆಲೆ ಅಚ್ಚಾಗಿದ್ದರೇನು, ಹಳೆಯದರ ಬೆಲೆ ಬಾಯಿಮಾತಿನದು. ಕುದುರೆ ವ್ಯಾಪಾರದ ರೂಢಿಗಳೇ ಕಾರಿನ ವ್ಯಾಪಾರಕ್ಕೂ ದಾಟಿ ಬಂದವೆಂದು ಅಮೆರಿಕದ ಇತಿಹಾಸಕಾರ ಸ್ಟೀವನ್ ಗೆಲ್ಬರ್ ವಿಸ್ತಾರವಾಗಿ ತೋರಿಸಿದ್ದಾರೆ. ಇದರ ಜೊತೆಗೆ ಕಂತಿನ ಸಾಲವೂ ಸೇರಿತು. ಒಂದೇ ಮೇಜಿನ ಮೇಲೆ ಹೊಸದರ ಬೆಲೆ, ಹಳೆಯದರ ಬೆಲೆ, ಸಾಲದ ಬಡ್ಡಿ ಎಂದು ಮೂರು ಚೌಕಾಸಿ. ಒಂದರಲ್ಲಿ ಬಿಟ್ಟದ್ದನ್ನು ಇನ್ನೊಂದರಲ್ಲಿ ಹಿಡಿದುಕೊಳ್ಳಲು ಮಾರುವವನಿಗೆ ಬಲು ಅನುಕೂಲ.

ಎರಡನೆಯ ಮಹಾಯುದ್ಧದ ತರುವಾಯ ಈ ಚಾತುರ್ಯ ಅತಿಗೆ ಹೋಯಿತು. ಹೊಸ ಗಾಡಿಯ ಬೆಲೆಯನ್ನು ಸುಮ್ಮಸುಮ್ಮನೆ ಏರಿಸಿ ಹೇಳುವುದು, ಆಮೇಲೆ ಹಳೆಯದಕ್ಕೆ ‘ಇಷ್ಟೊಂದು ಕೊಟ್ಟಿದ್ದೇವೆ’ ಎಂದು ಗಿರಾಕಿಯ ಬೆನ್ನು ತಟ್ಟುವುದು. ಒಕ್ಲಹೋಮದ ಸೆನೆಟರ್ ಮೈಕ್ ಮನ್ರೋನಿಯವರ ಪ್ರಯತ್ನದಿಂದ 1958ರಲ್ಲಿ ಕಾಯಿದೆಯೊಂದು ಬಂತು. ಪ್ರತಿಯೊಂದು ಹೊಸ ಕಾರಿನ ಗಾಜಿಗೂ ತಯಾರಕರು ಸೂಚಿಸಿದ ಬೆಲೆ, ಹೆಚ್ಚಿನ ಸಲಕರಣೆಗಳ ಬೆಲೆ, ಸಾಗಣೆಯ ವೆಚ್ಚ ಇವನ್ನು ಬೇರೆಬೇರೆಯಾಗಿ ತೋರಿಸುವ ಚೀಟಿ ಅಂಟಿಸಬೇಕು. ಗಿರಾಕಿಯ ಕೈಸೇರುವ ಮೊದಲು ಅದನ್ನು ಕಿತ್ತರೆ ಅಪರಾಧ. ಇಂದಿಗೂ ಆ ಚೀಟಿಗೆ ಅಲ್ಲಿ ಮನ್ರೋನಿಯವರದೇ ಹೆಸರು. ಚೌಕಾಸಿ ನಿಂತಿತೆಂದಲ್ಲ. ಎಲ್ಲಿಂದ ಶುರುವಾಗಬೇಕೆಂಬುದು ಎಲ್ಲರಿಗೂ ಒಂದೇ ಆಯಿತು, ಅಷ್ಟೆ. ಮುಂದೆ ಲಾರಿಯ ಚಾಸಿಯ ಮೇಲೆ ಅರಮನೆ ಕಟ್ಟಿದಂಥ ಎಸ್‌ಯುವಿಗಳು ಬಂದವು. 1997ರ ಲಿಂಕನ್ ನ್ಯಾವಿಗೇಟರ್ ಎಂಬ ಐಷಾರಾಮಿ ಗಾಡಿ ಮೂಲದಲ್ಲಿ ಫೋರ್ಡ್ ಎಕ್ಸ್‌ಪೆಡಿಷನ್ನಿನ ಒಡಹುಟ್ಟೇ. ಅಸ್ಥಿಪಂಜರ ಒಂದೇ, ಚರ್ಮವೂ ಚಿನ್ನದ ಗೀರೂ ಬೇರೆ. ತಯಾರಿಕೆಯ ವೆಚ್ಚಕ್ಕೂ ಬೆಲೆಗೂ ನಡುವೆ ಅಂತರ ಹೆಚ್ಚಿದಷ್ಟೂ ಬಿಡಿಸಿಕೊಳ್ಳಲು ಜಾಗ ಹೆಚ್ಚು. ಐಷಾರಾಮಿ ಗಾಡಿಗೇ ಹೆಚ್ಚು ಚೌಕಾಸಿ ಏಕೆಂದು ಕೇಳುವವರಿಗೆ ಇದು ಅರ್ಧ ಉತ್ತರ.

ನಮ್ಮ ದೇಶದ ಕಥೆ ಬೇರೆ. ಅಂಬಾಸಿಡರ್, ಫಿಯೆಟ್ಟುಗಳ ಕಾಲದಲ್ಲಿ ಚೌಕಾಸಿಯ ಮಾತೇ ಇರಲಿಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಬೆಲೆಯನ್ನು ಸರ್ಕಾರವೇ ನಿಯಂತ್ರಿಸುತ್ತಿದ್ದ ಕಾಲವೂ ಇತ್ತು. ಕಾರಿಗೆ ನ್ಯಾಯವಾದ ಬೆಲೆ ಎಷ್ಟು ಎಂಬ ವ್ಯಾಜ್ಯ 1970ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ ನಡೆಯಿತು. ಸರದಿಯನ್ನೇ ಮಾರಿಕೊಂಡು ಲಾಭ ಮಾಡಿದವರುಂಟು. 1991ರ ಉದಾರೀಕರಣದ ಮೇಲೆ ಷೋರೂಮುಗಳು ಗಿರಾಕಿಗೆ ಕಾಫಿ ಕೊಡಲು ಕಲಿತವು. ಹಾಗೆಂದು ಸರದಿ ಪೂರ್ತಿ ಹೋಗಲಿಲ್ಲ. 2021ರ ಅಕ್ಟೋಬರಿನಲ್ಲಿ ಮಹೀಂದ್ರದ ಎಕ್ಸ್‌ಯುವಿ 700ಕ್ಕೆ ಒಂದು ಗಂಟೆಯೊಳಗೆ 25,000 ಮಂದಿ ಮುಂಗಡ ಕಟ್ಟಿದರು. ಅಂಥ ಹೊತ್ತಿನಲ್ಲಿ ಬೆಲೆ ಇಳಿಸಿ ಎಂದರೆ ಕೇಳುವವರು ಯಾರು?

ಇಂದು ನಮ್ಮಲ್ಲಿ ಬೆಲೆಯ ದೊಡ್ಡ ಪಾಲು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲೆ ಜಿಎಸ್‌ಟಿ ಶೇ 40. ಅದಕ್ಕೆ ಮೊದಲು ತೆರಿಗೆ ಶೇ 28, ಮೇಲೆ ಸೆಸ್ಸು ಶೇ 22. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ಮೀರಿದ ಪೆಟ್ರೋಲು, ಡೀಸೆಲು ಗಾಡಿಯ ಆಜೀವ ತೆರಿಗೆ ಸೆಸ್ಸೂ ಸೇರಿ ಸುಮಾರು ಐದರಲ್ಲೊಂದು ಪಾಲು. ಇವೆರಡರ ದರದ ಮೇಲೆ ಯಾವ ಮಾತುಗಾರನ ಆಟವೂ ನಡೆಯದು. ಉಳಿದದ್ದು ಮಾರಾಟಗಾರನ ಲಾಭಾಂಶ, ವಿಮೆ, ಕಾಲುಚಾಪೆ ಮೊದಲಾದ ಅಲಂಕಾರ, ಹಳೆಯ ಗಾಡಿಯ ವಿನಿಮಯ, ಮತ್ತು ಡಿಸೆಂಬರಿನಲ್ಲಿ ಮಾರಾಟವಾಗದೆ ನಿಂತ ಗಾಡಿಗೆ ಕೊಡುವ ರಿಯಾಯಿತಿ. ವಿಮೆಯನ್ನು ಷೋರೂಮಿನಲ್ಲೇ ಕೊಳ್ಳಬೇಕೆಂಬ ಕಾನೂನಿಲ್ಲ ಎಂಬುದು ಎಷ್ಟೋ ಜನ ಓದುಬಲ್ಲವರಿಗೇ ತಿಳಿಯದು.

ಗೊತ್ತಿರುವವನು ಕಡಿಮೆ ಕೊಡುತ್ತಾನೆ, ಗೊತ್ತಿಲ್ಲದವನು ಹೆಚ್ಚು ಕೊಡುತ್ತಾನೆ, ಇದರಲ್ಲೇನು ಅನ್ಯಾಯ ಎನ್ನುವವರಿದ್ದಾರೆ. ಅವರು ಶಿಕಾಗೋದ ಒಂದು ಪರೀಕ್ಷೆಯನ್ನು ತಿಳಿಯಬೇಕು. ಇಯನ್ ಏರ್ಸ್ ಮತ್ತು ಪೀಟರ್ ಸೀಗಲ್ಮನ್ ಎಂಬ ವಿದ್ವಾಂಸರು, ಬಿಳಿಯರು, ಕರಿಯರು, ಗಂಡಸರು, ಹೆಂಗಸರು ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಮಾತು, ಒಂದೇ ರೀತಿಯ ಚೌಕಾಸಿ ಕಲಿಸಿ, ಹೊಸ ಕಾರಿನ ಬೆಲೆ ಕೇಳಿಬರಲು ಕಳಿಸಿದರು. ಇಂಥ ಮುನ್ನೂರಕ್ಕೂ ಹೆಚ್ಚು ಭೇಟಿಗಳ ಲೆಕ್ಕವನ್ನು 1995ರಲ್ಲಿ ಪ್ರಕಟಿಸಿದರು. ಬಿಳಿಯ ಗಂಡಸರಿಗೆ ಎಲ್ಲರಿಗಿಂತ ಕಡಿಮೆ ಬೆಲೆ ಸಿಕ್ಕಿತ್ತು. ಕರಿಯ ಗಂಡಸರಿಗೆ ಹೇಳಿದ್ದು ಅದಕ್ಕಿಂತ ಸಾವಿರ ಡಾಲರಿಗೂ ಮೀರಿ ಹೆಚ್ಚು. ಗಾಜಿನ ಮೇಲೆ ಮನ್ರೋನಿಯ ಚೀಟಿ ಇದ್ದೇ ಇತ್ತು. ತಿಳಿವಳಿಕೆಯೂ ಒಂದೇ, ಮಾತೂ ಒಂದೇ, ಮುಖ ಬೇರೆ. ಚೌಕಾಸಿ ಸಮಾನರ ಆಟವೆಂದು ಹೊಗಳುವವರು ಈ ಸಾವಿರ ಡಾಲರಿಗೆ ಏನು ಸಮಾಧಾನ ಹೇಳುತ್ತಾರೋ ನಾನರಿಯೆ.

ನಮ್ಮಲ್ಲಿ ಅಂಥ ಭೇದವಿಲ್ಲವೆನ್ನಲು ನನಗೆ ಧೈರ್ಯ ಸಾಲದು. ವೈದ್ಯಳಾದ ನಮ್ಮಕ್ಕ ತನ್ನ ದುಡ್ಡಿನಲ್ಲಿ ಇಂಥದೊಂದು ಗಾಡಿ ಕೊಳ್ಳಲು ಹೋದಾಗ ಜೊತೆಗೆ ನಾನೂ ಹೋಗಿದ್ದೆ. ಮಾರುವ ಹುಡುಗ ಎಂಜಿನ್ನಿನ ವಿಚಾರ, ಬೆಲೆಯ ವಿಚಾರ ಎಲ್ಲವನ್ನೂ ನನ್ನ ಕಡೆ ತಿರುಗಿಯೇ ಹೇಳಿದ. ನನಗೋ ಗೇರಿನ ಹೆಸರೂ ಸರಿಯಾಗಿ ಬಾರದು. ಕೊನೆಗೆ, “ಸಾರ್, ಮೇಡಮ್ಮಿಗೆ ಯಾವ ಬಣ್ಣ ಇಷ್ಟ?” ಎಂದ.

“ಬಣ್ಣ ಆಮೇಲೆ ಹೇಳ್ತೀನಪ್ಪ,” ಎಂದಳು ಅಕ್ಕ. “ಮೊದಲು ಚಾಸಿ ನಂಬರು ತೋರಿಸು. ಇದು ತಯಾರಾದ ತಿಂಗಳು ಯಾವುದು?”

ಹುಡುಗ ಈಗ ಅವಳ ಕಡೆ ತಿರುಗಿದ. ಗಾಡಿ ಎಂಟು ತಿಂಗಳ ಹಿಂದಿನದು. ಜಾತ್ರೆಯಲ್ಲಿ ಹೋರಿಯ ಬಾಯಿ ಬಿಡಿಸಿ ಹಲ್ಲೆಣಿಸುವ ರೈತನ ಕೆಲಸವನ್ನೇ ಅವಳು ಮಾಡಿದ್ದಳು. ಬೇರೆ ಎರಡು ಊರುಗಳಿಂದ ಬರೆಸಿ ತಂದಿದ್ದ ಬೆಲೆಪಟ್ಟಿಗಳನ್ನು ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. “ಮ್ಯಾನೇಜರನ್ನು ಕೇಳಿ ಬರ್ತೀನಿ ಮೇಡಂ,” ಎಂದು ಅವನು ಗಾಜಿನ ಕೋಣೆಯೊಳಕ್ಕೆ ಹೋದ. ಒಳಗೆ ಇಬ್ಬರ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಘಾಟಿಯ ಟವೆಲ್ಲಿನ ಕೆಲಸವನ್ನು ಇಲ್ಲಿ ಗಾಜು ಮಾಡುತ್ತಿತ್ತು. ಹೀಗೆ ಮೂರು ಸಲ ಹೋಗಿ ಬಂದ. ನಾಲ್ಕನೆಯ ಸಲಕ್ಕೆ ಮ್ಯಾನೇಜರೇ ಎದ್ದು ಬಂದು, ಅಕ್ಕನ ಎದುರಿನ ಕುರ್ಚಿಯಲ್ಲಿ ಕುಳಿತು, ತಮ್ಮ ಲೆಕ್ಕದ ಹಾಳೆಯನ್ನು ಅವಳ ಕಡೆಗೆ ತಿರುಗಿಸಿದರು.