ಅಡ್ರಿನಲ್ ಗ್ರಂಥಿಯ ಆಕಸ್ಮಿಕ ಗಡ್ಡೆ: ಸೇಡಂ ಸೀಮೆಯಲ್ಲಿ ಪರೀಕ್ಷೆಗಳ ಸರದಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ರೋಗಿ ಕಿಡ್ನಿ ಕಲ್ಲಿನ ನೋವಿಗೆಂದು ಕಲಬುರಗಿಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ, ಯಾರೂ ಹುಡುಕದಿದ್ದ ಗಡ್ಡೆಯೊಂದು ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಕಾಣಿಸಬಹುದು. ಇಂಥವುಗಳಲ್ಲಿ ಬಹುಪಾಲು ನಿರುಪದ್ರವಿ ಅಡಿನೋಮಾಗಳು. ಈ ಗ್ರಂಥಿಯ ಹೊರಪದರದ ಕ್ಯಾನ್ಸರ್ ವರ್ಷಕ್ಕೆ 10 ಲಕ್ಷ ಜನರಲ್ಲಿ ಒಬ್ಬಿಬ್ಬರಿಗಷ್ಟೇ ಬರುತ್ತದೆ. ಅಷ್ಟು ವಿರಳವಾದುದನ್ನು ಹೆಕ್ಕಿ ತೆಗೆಯುವುದು ದೊಡ್ಡ ಯಂತ್ರಗಳಿಂದಲ್ಲ, ಪರೀಕ್ಷೆಗಳ ಸರಿಯಾದ ಸರದಿಯಿಂದ. ಕ್ಷಯ ಇನ್ನೂ ಬಿಡದ ನಾಡಿನಲ್ಲಿ ಆ ಸರದಿಗೆ ಇನ್ನೊಂದು ಹಂತ ಸೇರಲೇಬೇಕು ಎಂಬುದು ಇಲ್ಲಿನ ವಾದ.

ಮೊದಲ ಸಾಕ್ಷ್ಯ ಆ ಸ್ಕ್ಯಾನಿನಲ್ಲೇ ಇದೆ. ಕಿಡ್ನಿ ಕಲ್ಲಿನ ಸ್ಕ್ಯಾನಿಗೆ ಸಾಮಾನ್ಯವಾಗಿ ಕಾಂಟ್ರಾಸ್ಟ್ ಔಷಧಿ ಹಾಕುವುದಿಲ್ಲ. ಅದೇ ಇಲ್ಲಿ ಅನುಕೂಲ. ಗಡ್ಡೆ ಒಂದೇ ಸಮನಾಗಿದ್ದು ಸಾಂದ್ರತೆ ಸಿ.ಟಿ. ಅಳತೆಯಲ್ಲಿ 10 ಹೌನ್ಸ್‌ಫೀಲ್ಡ್ ಮಾನ ಮೀರದಿದ್ದರೆ ಮತ್ತೆ ಸ್ಕ್ಯಾನ್ ಬೇಡ ಎನ್ನುತ್ತದೆ ಯುರೋಪಿನ 2023ರ ಮಾರ್ಗಸೂಚಿ. ವರದಿಯಲ್ಲಿ ಗಾತ್ರವನ್ನಷ್ಟೇ ಬರೆದು ಈ ಅಂಕಿಯನ್ನು ಬಿಟ್ಟರೆ ಬಡ ರೋಗಿ ಸುಮ್ಮನೆ ಅಲೆಯುತ್ತಾನೆ. ಮುಂದಿನದು ಹಾರ್ಮೋನು. ರಾತ್ರಿ 11ಕ್ಕೆ ಅರ್ಧ ಮಿಲಿಗ್ರಾಮಿನ ಎರಡು ಡೆಕ್ಸಾಮೆಥಾಸೋನ್ ಮಾತ್ರೆ, ಬೆಳಿಗ್ಗೆ 8ಕ್ಕೆ ರಕ್ತ: ಕಾರ್ಟಿಸಾಲ್ ಡೆಸಿಲೀಟರಿಗೆ 1.8 ಮೈಕ್ರೊಗ್ರಾಂ ದಾಟಿದ್ದರೆ ಗ್ರಂಥಿ ಅಂಕೆಯಿಲ್ಲದೆ ಸ್ರವಿಸುತ್ತಿರಬಹುದು. ಸಾಂದ್ರತೆ 10 ಮೀರಿದ ಗಡ್ಡೆಗೆ ರಕ್ತ ಅಥವಾ 24 ಗಂಟೆಯ ಮೂತ್ರದಲ್ಲಿ ಮೆಟನೆಫ್ರಿನ್ ಅಳೆಯಬೇಕು. ಇದು ದುಬಾರಿ, ಮಾದರಿ ದೂರದ ಪ್ರಯೋಗಾಲಯಕ್ಕೆ ಹೋಗಬೇಕು, ಸೂಜಿ ಹಾಕಿ ತುಣುಕು ತೆಗೆದರೆ ಬೇಗ ಮುಗಿಯುತ್ತದಲ್ಲ ಎಂಬ ಆಕ್ಷೇಪ ಸಹಜ. ಆದರೆ ಮೆಟನೆಫ್ರಿನ್ ಪರೀಕ್ಷೆ ಹುಡುಕುವುದು ಅಡ್ರಿನಲಿನ್‌ನಂಥ ಹಾರ್ಮೋನು ಸ್ರವಿಸುವ ಫಿಯೋಕ್ರೊಮೊಸೈಟೋಮಾ ಎಂಬ ಗಡ್ಡೆಯನ್ನು; ಅದಕ್ಕೆ ಸೂಜಿ ತಾಗಿದರೆ ರಕ್ತದೊತ್ತಡ ಒಮ್ಮೆಲೇ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಅಷ್ಟಾದರೂ ಆ ತುಣುಕು ಅಡಿನೋಮಾ ಯಾವುದು, ಕ್ಯಾನ್ಸರ್ ಯಾವುದು ಎಂದು ಖಚಿತವಾಗಿ ಹೇಳಲಾರದು. ಖರ್ಚಿನ ಮಾತಿಗೆ ಉತ್ತರ ಸಾಂದ್ರತೆಯ ಅಂಕಿಯೇ: ಅದು ಅನೇಕರನ್ನು ಈ ಪರೀಕ್ಷೆಯಿಂದಲೇ ಪಾರುಮಾಡುತ್ತದೆ.

ಇನ್ನು ಕ್ಷಯ. 1855ರಲ್ಲಿ ಥಾಮಸ್ ಅಡಿಸನ್ ಈ ಗ್ರಂಥಿಯ ಸೋಲನ್ನು ವಿವರಿಸಿದ ಕಾಲಕ್ಕೆ ಅದರ ಮುಖ್ಯ ಕಾರಣ ಕ್ಷಯವೇ ಆಗಿತ್ತು. ಕ್ಷಯ ಎರಡೂ ಗ್ರಂಥಿಗಳನ್ನು ಹಿಡಿಯುವುದು ವಾಡಿಕೆ, ಒಂದೇ ಬದಿಯ ಗಡ್ಡೆಗೆ ಈ ಶಂಕೆ ಏಕೆ ಎನ್ನಬಹುದು. ಒಂದು ಬದಿ ಹೆಚ್ಚು ಉಬ್ಬಿದ್ದರೆ ಇನ್ನೊಂದರ ಅಲ್ಪ ಊತ ಕಣ್ತಪ್ಪುತ್ತದೆ. ಎರಡೂ ಬದಿ ಊದಿದ್ದರೂ ಕ್ಷಯವೆಂದೇ ತೀರ್ಮಾನಿಸುವಂತಿಲ್ಲ. ಹಿಸ್ಟೊಪ್ಲಾಸ್ಮಾ ಶಿಲೀಂಧ್ರ, ಲಿಂಫೋಮಾ, ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಕೂಡ ಹಾಗೆಯೇ ಕಾಣುತ್ತವೆ. ಔಷಧಿ ಕೊಟ್ಟು ನೋಡೋಣ ಎಂಬ ಧೋರಣೆ ಇಲ್ಲಿ ತೀರಾ ಅಪಾಯಕಾರಿ. ಕ್ಷಯದ ಮದ್ದಾದ ರಿಫಾಂಪಿಸಿನ್ ದೇಹದ ಕಾರ್ಟಿಸಾಲನ್ನು ಬೇಗ ಕರಗಿಸುತ್ತದೆ. ಮೊದಲೇ ಸೊರಗಿದ ಗ್ರಂಥಿಯವರು ಅದರಿಂದ ಕುಸಿದುಬೀಳಬಹುದು. ಡೆಕ್ಸಾಮೆಥಾಸೋನನ್ನೂ ಅದು ಕರಗಿಸುವುದರಿಂದ ಆಮೇಲೆ ಮಾಡಿದ ಪರೀಕ್ಷೆ ಸುಳ್ಳು ಹೇಳುತ್ತದೆ. ಹೀಗಾಗಿ ಎರಡೂ ಗ್ರಂಥಿ ಊದಿರುವವರಿಗೆ ರಿಫಾಂಪಿಸಿನ್‌ನ ಮೊದಲ ಗುಳಿಗೆಗೆ ಮುಂಚೆಯೇ ಬೆಳಗಿನ ಕಾರ್ಟಿಸಾಲ್ ನೋಡಬೇಕು, ಅದು ಕಡಿಮೆಯಿದ್ದರೆ ಹೈಡ್ರೊಕಾರ್ಟಿಸೋನ್ ಮೊದಲು ಶುರುವಾಗಬೇಕು.