ಫ್ರೀಜರ್‌ನಲ್ಲಿಟ್ಟ ಸಾಂಬಾರ್ ವಿಷವಾಗುತ್ತದೆಯೇ?

ಭಾನುವಾರವೇ ಒಂದೇ ಕುಕ್ಕರ್‌ನಲ್ಲಿ ವಾರಕ್ಕಾಗುವಷ್ಟು ಸಾಂಬಾರ್ ಮಾಡಿ ಫ್ರೀಜರ್‌ನಲ್ಲಿಟ್ಟರೆ ಗ್ಯಾಸ್, ಸಮಯ, ಹೋಟೆಲ್ ಖರ್ಚು ಉಳಿಯುತ್ತದೆ. ಆದರೆ ‘ಫ್ರೀಜರ್ ಅಡುಗೆ ವಿಷ’ ಎಂದು ಒಬ್ಬರು, ‘ಫ್ರೀಜರ್‌ನಲ್ಲಿ ರೋಗಾಣುಗಳೆಲ್ಲ ಸಾಯುತ್ತವೆ’ ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ತಪ್ಪು.

ನಿಜವೇನು?

ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಆದರೆ ಎಲ್ಲವೂ ಸಾಯುವುದೂ ಇಲ್ಲ. ಆಹಾರ ಕರಗಿದ ಮೇಲೆ ಮತ್ತೆ ಬೆಳೆಯತೊಡಗುತ್ತವೆ. ಹಾಗಾಗಿ ಅಪಾಯವಿರುವುದು ಫ್ರೀಜರ್‌ಗೆ ಹಾಕುವ ಮುಂಚೆ ಮತ್ತು ಹೊರತೆಗೆದ ನಂತರ. 5ರಿಂದ 60 ಡಿಗ್ರಿ ನಡುವೆ ಅವು ವೇಗವಾಗಿ ಹೆಚ್ಚುತ್ತವೆ.

ಅನ್ನದ ಬಗ್ಗೆ ವಿಶೇಷ ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಉಳಿಯಬಲ್ಲವು. ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಅವು ಬೆಳೆದು ವಿಷ ಉತ್ಪತ್ತಿ ಮಾಡಬಹುದು. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಹೀಗೆ ಮಾಡಿ

• ಅಡುಗೆಯನ್ನು ಅಗಲ ಪಾತ್ರೆಗೆ ಸುರಿದು ಆರಿಸಿ, ಎರಡು ಗಂಟೆಯೊಳಗೆ ಒಳಗಿಡಿ.
• ಒಂದು ಹೊತ್ತಿಗೆ ಬೇಕಾದಷ್ಟನ್ನೇ ಒಂದೊಂದು ಡಬ್ಬಿಗೆ ಹಾಕಿ, ದಿನಾಂಕ ಬರೆಯಿರಿ. ಎರಡು–ಮೂರು ತಿಂಗಳೊಳಗೆ ಬಳಸಿದರೆ ರುಚಿ ಚೆನ್ನ.
• ಆಲೂಗಡ್ಡೆ ಹಾಕಬೇಡಿ, ಕರಗಿದಾಗ ಪುಡಿಪುಡಿಯಾಗುತ್ತದೆ.
• ಹಿಂದಿನ ರಾತ್ರಿಯೇ ಡಬ್ಬಿಯನ್ನು ಫ್ರಿಜ್‌ನ ಕೆಳಭಾಗಕ್ಕಿಳಿಸಿ, ಬೆಳಿಗ್ಗೆ ಚೆನ್ನಾಗಿ ಕುದಿಸಿ.
• ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತದೆ.

ಸಿಂಗಲ್ ಡೋರ್ ಫ್ರಿಜ್‌ನ ಐಸ್ ಪೆಟ್ಟಿಗೆ ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ. ಅದರಲ್ಲಿಟ್ಟದ್ದನ್ನು ಕೆಲವೇ ದಿನಗಳಲ್ಲಿ ಮುಗಿಸಿ.

ನಮ್ಮ ತೀರ್ಮಾನ: ‘ಫ್ರೀಜರ್ ಅಡುಗೆ ವಿಷ’ ಎಂಬುದು ಸುಳ್ಳು. ಹೊರಗಿಟ್ಟು ಮರೆತ ಅಡುಗೆಯನ್ನು ಫ್ರೀಜರ್ ಸರಿಪಡಿಸದು ಎಂಬುದಂತೂ ನಿಜ.